ಬಾಟಲಿಯೊಳಗಿನ ಖಾನಾಪುರದವರು

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ನೀರಿನ ಬಾಟಲಿ ಇದೆ. ನೀಲಿ ಮುಚ್ಚಳ, ಮಸುಕಾದ ಮೈ. ಹೊಟ್ಟೆಯ ಮೇಲೆ ಒಂದು ಬಿಳಿ ಪಟ್ಟಿ ಅಂಟಿಸಿದೆ. ಆ ಪಟ್ಟಿಯಲ್ಲಿ ಕೆಂಪು ಸ್ಕೆಚ್ ಪೆನ್ನಿನಿಂದ, ಒಂದೊಂದು ಅಕ್ಷರ ಒಂದೊಂದು ಎತ್ತರದಲ್ಲಿ, ‘ಇವರು ಖಾನಾಪುರದವರು’ ಎಂದು ಬರೆದಿದೆ. ಬಾಟಲಿ ಖಾಲಿ. ಮನೆಗೆ ಬಂದವರು ಓದುತ್ತಾರೆ, ಒಳಗೆ ಇಣುಕುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಸೊಸೆ ಸ್ನೇಹಾ ಇದನ್ನು ಎರಡು ಸಲ ರದ್ದಿಯವನ ಚೀಲಕ್ಕೆ ಹಾಕಿದಳು. ನಾನು ಎರಡು ಸಲವೂ ಗೇಟಿನ ತನಕ ಓಡಿ ವಾಪಸು ತಂದೆ. ಅರವತ್ತು ದಾಟಿದವಳು ಖಾಲಿ ಬಾಟಲಿಗಾಗಿ ರದ್ದಿಯವನ ಜೊತೆ ಜಗ್ಗಾಡುವುದನ್ನು ಓಣಿಯೆಲ್ಲ ನೋಡಿತು. ಅದಕ್ಕೇ ಒಂದು ಸಲ ಕಥೆ ಹೇಳಿ ಮುಗಿಸಿಬಿಡುತ್ತೇನೆ.

ಮೊದಲು ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಹೇಳದಿದ್ದರೂ ನಡೆಯುತ್ತಿತ್ತು, ಆದರೆ ನನಗೆ ಅದು ಒಗ್ಗುವುದಿಲ್ಲ. ಬೆಳಗಾವಿಯಲ್ಲಿ ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಾಠ ಹೇಳಿದವಳು ನಾನು. ನಿವೃತ್ತಿಯಾದ ಮೇಲೆ ಕೆಂಪು ಪೆನ್ನನ್ನು ಶಾಲೆಯಲ್ಲಿ ಬಿಟ್ಟು ಬಂದೆ, ತಪ್ಪು ಹುಡುಕುವ ಕಣ್ಣನ್ನು ಮಾತ್ರ ಮನೆಗೆ ತಂದೆ. ನಮ್ಮ ಬಸದಿಯಲ್ಲಿ ಹೆಂಗಸರ ಮಂಡಳಿಯೊಂದಿದೆ. ತಿಂಗಳಿಗೊಮ್ಮೆ ಸೇರುತ್ತೇವೆ, ಸ್ತುತಿ ಹೇಳುತ್ತೇವೆ, ಕೊನೆಗೆ ಅವಲಕ್ಕಿ ತಿನ್ನುತ್ತೇವೆ. ಸ್ತುತಿಗೂ ಅವಲಕ್ಕಿಗೂ ನಡುವಿನ ಹತ್ತು ನಿಮಿಷ ನನ್ನ ಭಾಷಣ. ವಿಷಯ ಯಾವಾಗಲೂ ಒಂದೇ: ಮಕ್ಕಳಿಂದ ನಾವು ಕಲಿಯುವ ಧರ್ಮ. ಮನೆಯಲ್ಲಿ ಎರಡು ಮೊಮ್ಮಕ್ಕಳಿವೆ, ಈ ಕಥೆ ನಡೆದಾಗ ಪ್ರೇಕ್ಷಾಗೆ ಆರು ವರ್ಷ, ಸನ್ಮತಿಗೆ ಮೂರೂವರೆ. ಮಗ ಊರಾಚೆಯ ಮಚ್ಛೆಯ ಕಾರ್ಖಾನೆಗೆ, ಸೊಸೆ ಆಫೀಸಿಗೆ ಹೋದರೆ ಸಂಜೆಯ ತನಕ ಅವು ನನ್ನ ಪಾಲು. ಅವುಗಳ ಹಿಂದೆ ಒಂದು ನೋಟ್‌ಬುಕ್ ಹಿಡಿದುಕೊಂಡೇ ತಿರುಗುತ್ತಿದ್ದೆ. ಏನಾದರೂ ಒಳ್ಳೆಯದು ಮಾಡಿದರೆ ಸಾಕು, ಅದರ ಮುಂದೆ ಒಂದು ಧರ್ಮದ ಹೆಸರು ಬರೆದು ಅಡಿಗೆರೆ ಎಳೆಯುತ್ತಿದ್ದೆ.

ಉದಾಹರಣೆಗೆ ಒಂದು ದಿನ ಸನ್ಮತಿ ತನ್ನ ಕ್ರೀಮ್ ಬಿಸ್ಕೀಟನ್ನು ಬಾಜೂ ಮನೆಯ ಹುಡುಗಿಗೆ ತಾನಾಗಿಯೇ ಕೊಟ್ಟ. ನನಗೆ ಕಣ್ಣು ತುಂಬಿ ಬಂತು. ‘ಅಪರಿಗ್ರಹ’ ಎಂದು ಬರೆದುಕೊಂಡೆ. ಮುಂದಿನ ಸಭೆಯಲ್ಲಿ ಅದನ್ನೇ ವಿಸ್ತರಿಸಿ ಹೇಳಿದಾಗ ಇಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮನೆಗೆ ಬಂದ ಮೇಲೆ ಪ್ರೇಕ್ಷಾ ಹೇಳಿದಳು: “ಅಜ್ಜೀ, ಅಂವಾ ಒಳಗಿನ ಕ್ರೀಮ್ ಎಲ್ಲಾ ನೆಕ್ಕಿ ಕೊಟ್ಟಾನ.” ನಾನು ನೋಟ್‌ಬುಕ್ಕಿನಲ್ಲಿ ತಿದ್ದುಪಡಿ ಮಾಡಲಿಲ್ಲ. ಮಂಡಳಿಗೂ ಹೇಳಲಿಲ್ಲ. ಆ ಇಬ್ಬರ ಕಣ್ಣೀರನ್ನು ಯಾಕೆ ವ್ಯರ್ಥ ಮಾಡಬೇಕು ಅನಿಸಿತು.

ಇನ್ನೊಂದು ಹಾಗಲಕಾಯಿಯ ಪ್ರಕರಣ. ಚಾತುರ್ಮಾಸದಲ್ಲಿ ನಮ್ಮವರು ನಾಲ್ಕು ತಿಂಗಳಿಗೆ ಏನಾದರೊಂದನ್ನು ಬಿಡುತ್ತಾರೆ. ಒಬ್ಬರು ಬೆಲ್ಲ ಬಿಟ್ಟರೆ ಇನ್ನೊಬ್ಬರು ತುಪ್ಪ ಬಿಡುತ್ತಾರೆ. ಕಳೆದ ವರ್ಷ ನಾನು ಬಸದಿಯಲ್ಲಿ ಎಲ್ಲರ ಮುಂದೆ ಕೈ ಮುಗಿದು ನಿಂತು ಹಾಗಲಕಾಯಿ ಬಿಟ್ಟೆ. ಹುಟ್ಟಿದಾಗಿನಿಂದ ನಾನು ಹಾಗಲಕಾಯಿ ಮುಟ್ಟಿದವಳಲ್ಲ, ಅದರ ವಾಸನೆ ಬಂದರೆ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ. ಇದು ಊರಿಗೆ ಗೊತ್ತಿರಲಿಲ್ಲ, ಪ್ರೇಕ್ಷಾಗೆ ಗೊತ್ತಿತ್ತು. ಅವಳು ಅದೇ ದಿನ ತನ್ನ ಪ್ರಾಣಕ್ಕಿಂತ ಹೆಚ್ಚಾದ ಕುಂದಾ ಮಿಠಾಯಿ ಬಿಟ್ಟಿದ್ದಳು. ರಿಕ್ಷಾದಲ್ಲಿ ಮನೆಗೆ ಬರುವಾಗ ಕೇಳಿದಳು.

“ಅಜ್ಜೀ, ನಿನಗ ಹಾಗಲಕಾಯಿ ಸೇರೂದsನ ಇಲ್ಲಲ್ಲ? ಮತ್ತ ಬಿಟ್ಟಿ ಅಂದ್ರ ಏನ ಬಿಟ್ಟಿ?”

ರಿಕ್ಷಾದವನು ಕನ್ನಡಿಯಲ್ಲಿ ನನ್ನ ಕಡೆ ನೋಡಿದ. ನಾನು ಹೊರಗೆ ನೋಡುತ್ತ, “ಮನಸಿನ್ಯಾಗ ಬಿಡಬೇಕವಾ, ಮನಸಿನ್ಯಾಗ,” ಅಂದೆ. ಅದರ ಅರ್ಥವೇನೆಂದು ನನಗೂ ಗೊತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ದಿನದ ಪುಟ ಖಾಲಿ ಉಳಿಯಿತು.

ಈಗ ನೀರಿಗೆ ಬರುತ್ತೇನೆ. ನನ್ನ ತವರುಮನೆ ಖಾನಾಪುರ. ಹಿತ್ತಲಲ್ಲಿ ಬಾವಿ, ಬಾವಿಕಟ್ಟೆಯ ಮೇಲೆ ನಮ್ಮವ್ವ, ಅವಳ ಕೈಯಲ್ಲಿ ನೀರು ಸೋಸುವ ಬಿಳಿ ಅರಿವೆ. ನನ್ನ ಬಾಲ್ಯವನ್ನು ನೆನೆದಾಗ ಮೊದಲು ಕಾಣುವುದು ಇದೇ. ವಡಗಾವಿಯ ನೇಕಾರರ ಮನೆಯಿಂದ ಅಪ್ಪ ವರ್ಷಕ್ಕೊಮ್ಮೆ ತರುತ್ತಿದ್ದ ದಪ್ಪ ಅರಿವೆ ಅದು. ಅವ್ವ ಅದನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಹಾಕಿ ನೀರು ಸುರಿಯುತ್ತಿದ್ದಳು. ನೀರು ಸೋಸುವುದು ಎಲ್ಲರ ಮನೆಯಲ್ಲೂ ಉಂಟು. ನಮ್ಮಲ್ಲಿ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅರಿವೆಯಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ಎಲ್ಲಿಂದ ಬಂದವೋ ಅಲ್ಲಿಗೇ ಹೋಗಬೇಕು. ಅವ್ವ ಅರಿವೆಯನ್ನು ಹಿಂಡುತ್ತಿರಲಿಲ್ಲ. ಮೆಲ್ಲಗೆ ತಿರುವಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಮತ್ತೆ ಬಾವಿಗೆ ಮುಟ್ಟಿಸುತ್ತಿದ್ದಳು.

ನಾನು ಸಣ್ಣವಳಿದ್ದಾಗ ಅರಿವೆಗೆ ಮೂಗು ಹಚ್ಚಿ ನೋಡಿ, “ಯವ್ವಾ, ಇದರಾಗ ಏನೂ ಇಲ್ಲ,” ಅಂದಿದ್ದೆ. “ನಿನಗ ಕಾಣ್ಸೂದಿಲ್ಲ ಅಂದ್ರ ಅವಕ್ಕ ಮನಿ ಇರೂದಿಲ್ಲೇನ?” ಎಂದು ಅವ್ವ ಕೆಲಸ ನಿಲ್ಲಿಸದೆ ಕೇಳಿದ್ದಳು.

ಈ ಮಾತನ್ನು ನಾನು ಮಂಡಳಿಯಲ್ಲಿ ಕಡಿಮೆಯೆಂದರೆ ಎಂಟು ಸಲ ಹೇಳಿದ್ದೇನೆ. ಹೇಳಿ, ಮನೆಗೆ ಬಂದು, ಸೋಸಿದ ಅರಿವೆಯನ್ನು ಸಿಂಕಿನ ನಲ್ಲಿಯ ಕೆಳಗೆ ಹಿಡಿದು, ಭರ್ರೆಂದು ತೊಳೆದು, ಹಿಂಡಿ ಒಣಗಹಾಕಿದ್ದೇನೆ. ಚಾತುರ್ಮಾಸದಲ್ಲಿ ನಾನು ಕುಡಿಯುವುದು ಬಾವಿಯ ನೀರು ಮಾತ್ರ. ಮೊಣಕಾಲಿನ ಉಪಚಾರಕ್ಕೆಂದು ವಾರಕ್ಕೊಮ್ಮೆ ಬೆಳಗಾವಿಗೆ ಬರುವ ಅಣ್ಣ ತವರಿನ ಬಾವಿಯ ನೀರನ್ನು ಒಂದು ಕ್ಯಾನು ತಂದಿಡುತ್ತಾನೆ. ಆ ನೀರಿನ ಜೀವಗಳ ಮನೆ ಖಾನಾಪುರದಲ್ಲಿ, ನನ್ನ ಸಿಂಕಿನ ಕೊಳವೆ ಹೋಗುವುದು ಮುನಿಸಿಪಾಲ್ಟಿಯ ಗಟಾರಿಗೆ. ಇದು ನನಗೆ ತಿಳಿಯದ ಸಂಗತಿಯೇನಲ್ಲ. ಸೊಂಟ ನೋವು, ದಿನಾ ಖಾನಾಪುರಕ್ಕೆ ಹೋಗಲಾಗುತ್ತದೆಯೇ, ಭಾವ ಮುಖ್ಯ, ಎಂದು ನನಗೆ ನಾನೇ ರಿಯಾಯಿತಿ ಕೊಟ್ಟುಕೊಂಡಿದ್ದೆ. ಬೇರೆಯವರಿಗೆ ಕೊಡುವಾಗ ನನ್ನ ಕೈ ಅಷ್ಟು ಧಾರಾಳವಲ್ಲ. ಅದನ್ನೀಗ ಹೇಳಲೇಬೇಕು.

ಅಣ್ಣನ ಹೆಂಡತಿ, ನಮ್ಮ ವೈನಿ, ನನಗಿಂತ ಆರು ವರ್ಷಕ್ಕೆ ದೊಡ್ಡವರು. ಅವರು ಸೊಸೆಯಾಗಿ ಬಂದಾಗ ನಾನಿನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಆ ಜಡೆ ಹೆಣೆದವರು ಅವರೇ. ನನ್ನ ಪಾಲಿನ ಹಾಗಲಕಾಯಿಯನ್ನು ಅವ್ವನಿಗೆ ಕಾಣದಂತೆ ತಮ್ಮ ತಾಟಿಗೆ ಎಳೆದುಕೊಳ್ಳುತ್ತಿದ್ದವರೂ ಅವರೇ. ಮೂರು ವರ್ಷದ ಹಿಂದೆ ಖಾನಾಪುರಕ್ಕೆ ಒಬ್ಬ ಮುನಿಗಳು ಬಂದಿದ್ದರು. ಅವರಿಗೆ ಆಹಾರ ಕೊಡುವ ಭಾಗ್ಯ ಸಿಗಲೆಂದು ವೈನಿ ನಸುಕಿನಲ್ಲೇ ಎದ್ದು, ಮಡಿಯಲ್ಲಿ ನೀರು ಸೇದಿ, ಒಬ್ಬರೇ ಅಡುಗೆ ಮಾಡಿದ್ದರು. ಮುನಿಗಳು ಮನಸ್ಸಿನಲ್ಲಿ ಒಂದು ನಿಯಮ ಹಿಡಿದು ಹೊರಡುತ್ತಾರೆ. ಆ ನಿಯಮ ಕೂಡಿ ಬಂದ ಮನೆಯ ಮುಂದೆ ಮಾತ್ರ ನಿಲ್ಲುತ್ತಾರೆ, ಉಳಿದ ಮನೆಗಳನ್ನು ದಾಟಿ ಹೋಗುತ್ತಾರೆ. ಆ ನಿಯಮ ಏನೆಂದು ಅವರಿಗಲ್ಲದೆ ಬೇರೆ ಯಾರಿಗೂ ತಿಳಿಯುವುದಿಲ್ಲ.

ವೈನಿ ಕಲಶ ಹಿಡಿದು ಬಾಗಿಲಲ್ಲಿ ನಿಂತರು. ಓಣಿಯ ಜನವೆಲ್ಲ ನೆರೆದಿತ್ತು, ನಾನೂ ಬೆಳಗಾವಿಯಿಂದ ಹೋಗಿದ್ದೆ. ಮುನಿಗಳು ತಿರುವಿನಲ್ಲಿ ಕಾಣಿಸಿದ್ದೂ ನನ್ನ ಕಣ್ಣು ಒಳಗಿನ ಕೊಡದ ಮೇಲೆ ಬಿದ್ದದ್ದೂ ಒಂದೇ ಹೊತ್ತಿಗೆ. ಕೊಡದ ಬಾಯಿಗೆ ಹಾಕಿದ್ದ ಅರಿವೆ ಒಂದೇ ಪದರ ಇತ್ತು. ಮೂವತ್ತೊಂದು ವರ್ಷ ಕೊನೆಯ ಬೆಂಚಿನ ತನಕ ಮುಟ್ಟಿಸಿದ ಗಂಟಲು ನನ್ನದು. ಅದೇ ಗಂಟಲಿನಲ್ಲಿ ಕೂಗಿದೆ:

“ವೈನೀ! ಅರಿವಿ ಒಂದs ಪದರ ಐತಲ್ರೀ!”

ಎಲ್ಲರೂ ತಿರುಗಿ ನೋಡಿದರು. ವೈನಿಯ ಕೈಯಲ್ಲಿನ ಕಲಶ ಅಲುಗಾಡಿ ನೀರು ಚೆಲ್ಲಿತು. ಮುನಿಗಳು ಬಂದರು, ಅರೆಗಳಿಗೆ ನೋಡಿದರು, ಮುಂದೆ ನಡೆದರು. ಎರಡು ಮನೆ ಆಚೆ ಹೋಗಿ ನಿಂತರು. ನನ್ನ ಕೂಗಿನಿಂದಲೇ ಹೀಗಾಯಿತೆಂದು ವೈನಿಗೆ ಅನಿಸಿತು, ಒಂದು ಪದರದ ಅರಿವೆಯಿಂದಲೇ ಹೀಗಾಯಿತೆಂದು ನನಗೆ ಅನಿಸಿತು. ಮುನಿಗಳ ನಿಯಮ ಇವೆರಡೂ ಅಲ್ಲದೆ ಬೇರೆಯೇ ಇದ್ದಿರಬಹುದು. ವೈನಿ ಅಂದು ಇಡೀ ದಿನ ಏನೂ ತಿನ್ನಲಿಲ್ಲ. ನಾನು ಸಂಜೆಯ ಬಸ್ಸಿಗೆ ಹೊರಟಾಗ ಹೊಸ್ತಿಲಲ್ಲಿ ನಿಂತು, “ನಾ ಅಂತೂ ಮೊದಲs ಹೇಳಿದ್ದೆ,” ಅಂದೆ. ಏನು ಹೇಳಿದ್ದೆ, ಯಾವಾಗ ಹೇಳಿದ್ದೆ, ದೇವರೇ ಬಲ್ಲ. ಬಾಯಿ ಅಂದಿತು.

ಅಂದಿನಿಂದ ಮಾತು ನಿಂತಿತು. ಅವರೇ ಮೊದಲು ಮಾತಾಡಲಿ ಎಂದು ಕಾಯುತ್ತ ಕೂತೆ. ತಪ್ಪು ಮಾಡಿದವಳು ಕ್ಷಮೆ ಕೇಳಿಸಿಕೊಳ್ಳಲು ಎರಡು ವರ್ಷ ಕಾದಳು ಎಂದರೆ ನೀವು ನಗಬಹುದು, ನನ್ನದೇನೂ ಅಡ್ಡಿಯಿಲ್ಲ. ನಡುವೆ ಒಂದು ಸಲ ಒಂದು ಲಗ್ನದಲ್ಲಿ ಎದುರಾದಾಗ ವೈನಿ, “ಬರ್ರಿ, ಕುಂದರ್ರಿ,” ಅಂದು ಆಚೆ ಹೋದರು. ಎರಡು ಜಡೆಯ ಕಾಲದಿಂದ ಅವರಿಂದ ‘ಸುನಂದಾ, ಬಾ ಇಲ್ಲೆ’ ಎಂದು ಕರೆಸಿಕೊಂಡವಳಿಗೆ ಆ ಮರ್ಯಾದೆ ಎಷ್ಟು ಚುಚ್ಚಿತೆಂದು ಹೇಳಲಾರೆ. ಆ ಲಗ್ನದ ಊಟ ನನಗೆ ರುಚಿಸಲಿಲ್ಲ.

ನಮ್ಮಲ್ಲಿ ಚಾತುರ್ಮಾಸದ ನಡುವೆ ಬರುವ ಪರ್ವದ ಹತ್ತು ದಿನ ಮುಗಿದ ಮೇಲೆ ಕ್ಷಮೆ ಕೇಳುವ ದಿನ ಬರುತ್ತದೆ. ತಿಳಿದು ಮಾಡಿದ, ತಿಳಿಯದೆ ಮಾಡಿದ ತಪ್ಪಿಗೆಲ್ಲ ಎಲ್ಲರ ಬಳಿಯೂ ಕ್ಷಮೆ ಕೇಳಬೇಕು. ಮೊದಲು ಮನೆಮನೆಗೆ ಹೋಗಿ ಕಾಲು ಮುಟ್ಟುತ್ತಿದ್ದೆವು, ಈಗ ಕಮಲದ ಹೂವಿನ ಚಿತ್ರ ಇರುವ ಒಂದು ಸಂದೇಶವನ್ನು ಹೆಬ್ಬೆರಳಿನಿಂದ ಒತ್ತಿದರೆ ಇನ್ನೂರು ಜನರಿಗೆ ಮುಟ್ಟುತ್ತದೆ. ಕಳೆದ ವರ್ಷ ಆ ಬೆಳಿಗ್ಗೆ ನಾನು ಹಾಲಿನವನಿಗೆ, ಗ್ಯಾಸಿನವನಿಗೆ, ಯಾರೆಂದು ನೆನಪೇ ಬಾರದ ಮೂರ್ನಾಲ್ಕು ನಂಬರುಗಳಿಗೂ ಕ್ಷಮೆ ಕೇಳಿದೆ. ವೈನಿಯ ಹತ್ತಿರ ಅಂಥ ಫೋನಿಲ್ಲ, ಹಾಗಾಗಿ ಕಳಿಸಲಾಗಲಿಲ್ಲ. ಎಷ್ಟು ಅನುಕೂಲವಾದ ಕಾರಣ ನೋಡಿ.

ಶಾಲೆಗೆ ಸೂಟಿ ಇದ್ದದ್ದರಿಂದ ಪ್ರೇಕ್ಷಾ ಮನೆಯಲ್ಲಿದ್ದಳು. ಕ್ಷಮೆ ಕೇಳಿ ಮುಗಿಸಿ, ಹಗುರಾದ ಮನಸ್ಸಿನಿಂದ ಕ್ಯಾನಿನ ನೀರು ಸೋಸಿ ಅರಿವೆಯನ್ನು ನಲ್ಲಿಯ ಕೆಳಗೆ ಹಿಡಿಯುವುದರಲ್ಲಿದ್ದೆ.

“ಅಜ್ಜೀ, ಅವರನ್ನ ಎಲ್ಲಿಗಿ ಕಳಸಾಕತ್ತಿ?”

ನಾನು ಅಭ್ಯಾಸದಂತೆ, “ಅವರ ಮನಿಗೆ,” ಅಂದೆ.

“ಅವರ ಮನಿ ಖಾನಾಪುರದಾಗ ಐತೆಲ್ಲ. ಇದು ಗಟಾರಕ್ಕ ಹೋಗತೈತಿ. ಪಪ್ಪಾ ಹೇಳ್ಯಾರ.”

ಕೈ ಹಾಗೇ ನಿಂತಿತು. ಭಾವ, ಮನಸ್ಸು ಎಂದೇನೋ ಶುರು ಮಾಡಿದೆ. ರಿಕ್ಷಾದ ನಂತರ ಆ ಮಾತಿಗೆ ಬೆಲೆ ಇರಲಿಲ್ಲ. ಪ್ರೇಕ್ಷಾಳ ಕೆಳದುಟಿ ಅದುರತೊಡಗಿತು. “ದಿನಾನೂ ಹಿಂಗs ಮಾಡ್ತಿದ್ದೇನ? ಅಷ್ಟೂ ಮಂದಿ ಗಟಾರಕ್ಕ ಹೋದ್ರ?” ಎಂದು ಅಳುವುದಕ್ಕೇ ಹತ್ತಿದಳು. ಅಕ್ಕ ಅಳುತ್ತಾಳೆಂದು ಸನ್ಮತಿ ಏನೂ ತಿಳಿಯದೆ ಇನ್ನೂ ಜೋರಾಗಿ ಅತ್ತ. ಜೀವನವಿಡೀ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವಳು ಆ ಎರಡು ಮುಖಗಳ ಮುಂದೆ ಒದ್ದೆ ಅರಿವೆ ಹಿಡಿದು ನಿಂತಿದ್ದೆ. ಸೊಂಟ ನೋವೆಂದು ಹೇಳಲು ಬಾಯಿ ಬರಲಿಲ್ಲ. ನಾಚಿಕೆಯಾಯಿತು.

“ಆತು,” ಅಂದೆ. “ಇವತ್ತಿನವರನ್ನ ಖಾನಾಪುರಕ್ಕ ಮುಟ್ಟಿಸೂಣು.”

ಅರಿವೆಯನ್ನು ತಿರುವಿ ಸೋಸಿದ ನೀರಿನಿಂದ ತೊಳೆದು ಬಾಟಲಿಗೆ ತುಂಬಿದೆವು. ದಾರಿಯಲ್ಲಿ ಯಾರಾದರೂ ಕುಡಿದುಬಿಟ್ಟಾರೆಂದು ಪ್ರೇಕ್ಷಾ ಪಟ್ಟಿ ಅಂಟಿಸಿ ಬರೆದಳು. ಸಂಜೆಯ ತನಕ ಹಾದಿಬೀದಿಯಲ್ಲಿ ನಾನು ಈ ಬಾಟಲಿಯನ್ನು ಹಿಡಿದು ತಿರುಗಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಬಸ್ಸಿಗೆ ಹೋದರೆ ಒಂದು ತಾಸಿನ ದಾರಿ, ಆದರೆ ಸನ್ಮತಿಗೆ ರೈಲೇ ಬೇಕಾಯಿತು, ಅದು ಬಂದದ್ದು ಮಧ್ಯಾಹ್ನದ ಮೇಲೆ. ರೈಲಿನಲ್ಲಿ ಎದುರಿಗೆ ಕೂತ ಗೃಹಸ್ಥರು ಪಟ್ಟಿಯನ್ನು ಓದಿ, ಒಳಗಿನ ಬರೀ ನೀರನ್ನು ನೋಡಿ, “ಯಾರ್ರೀ ಇವರು?” ಎಂದು ಕೇಳಿದರು. ಪ್ರೇಕ್ಷಾ ಗಂಭೀರವಾಗಿ, “ಕಾಣ್ಸೂದಿಲ್ರೀ, ಭಾಳ ಸಣ್ಣವರು ಅದಾರ,” ಅಂದಳು. ಅವರು ಉಳಿದ ದಾರಿ ಕಿಟಕಿಯಿಂದ ಹೊರಗೇ ನೋಡಿದರು.

ಈಗ ಹೇಳಲು ನಾಚಿಕೆಯಾಗುವ ಭಾಗ ಬಂತು. ಖಾನಾಪುರ ಸ್ಟೇಶನ್ನು ಬಂದಾಗ ನಾನು ಇಳಿಯಲಿಲ್ಲ. ಬಾವಿ ಇರುವುದು ವೈನಿಯ ಹಿತ್ತಲಲ್ಲಿ, ಹಿತ್ತಲಿಗೆ ಹೋಗುವುದು ವೈನಿಯ ಬಾಗಿಲಿನಿಂದ ಎಂಬುದು ಮನೆ ಬಿಟ್ಟಾಗಿನಿಂದ ಎದೆಯಲ್ಲಿ ಕೂತಿತ್ತು. ಏನೆಂದು ಒಳಗೆ ಹೋಗಲಿ? ನಿಮ್ಮ ಅರಿವೆ ಒಂದು ಪದರ ಎಂದು ಊರ ಮುಂದೆ ಕೂಗಿದವಳು ಜೀವಗಳನ್ನು ಗಟಾರಕ್ಕೆ ಬಿಡುತ್ತಿದ್ದೆ ಎಂದು ಹೇಳಲೇ? ಸನ್ಮತಿ ತೊಡೆಯ ಮೇಲೆ ಮಲಗಿದ್ದ. ಅವನನ್ನು ಎಬ್ಬಿಸಬಾರದು, ಎಬ್ಬಿಸುವಷ್ಟರಲ್ಲಿ ಗಾಡಿ ಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಗಾಡಿ ಆರಾಮಾಗಿ ನಿಂತಿತ್ತು. ಒಬ್ಬ ಮುದುಕ ಎರಡು ಚೀಲ, ಒಂದು ಸೈಕಲ್ ಟಾಯರು ಇಳಿಸಿಕೊಂಡು, ಮತ್ತೆ ಹತ್ತಿ, ಮರೆತ ಕೊಡೆ ತೆಗೆದುಕೊಂಡು ಇಳಿದ. ಆಮೇಲೆ ಗಾಡಿ ಬಿಟ್ಟಿತು.

“ಅಜ್ಜೀ, ಖಾನಾಪುರ ಹೋತು,” ಅಂದಳು ಪ್ರೇಕ್ಷಾ.

“ಅಯ್ಯ, ಹೌದಲ್ಲ!” ಎಂದು ಹಣೆ ಬಡಿದುಕೊಂಡೆ. ನಾಟಕ ಚೆನ್ನಾಗಿತ್ತೆಂದು ನನ್ನ ಭಾವನೆ.

ಲೋಂಡಾದಲ್ಲಿ ಇಳಿದೆವು. ಸುತ್ತ ಕಾಡು, ಮಳೆಗಾಲ ಮುಗಿಯುತ್ತ ಬಂದ ಹಸಿರು, ಪ್ಲಾಟ್‌ಫಾರ್ಮಿನ ತುಂಬ ಬಟಾಟಿ ವಡೆಯ ವಾಸನೆ. ಆಲೂಗಡ್ಡೆಯಂಥ ಗಡ್ಡೆ ತಿನ್ನದ ನಾನು ಆ ವಾಸನೆಯನ್ನು ಮಾತ್ರ ಮೂರು ಸಲ ಎಳೆದುಕೊಂಡೆ. ಸ್ಟೇಶನ್ನಿನ ಹೊರಗೆ ಒಂದು ಹಳ್ಳ ಹರಿಯುತ್ತಿತ್ತು. ತಿಳಿಯಾದ, ತಣ್ಣನೆಯ, ಗಟಾರಕ್ಕಿಂತ ಎಷ್ಟೋ ಪಾಲು ಮೇಲಾದ ನೀರು. ನನಗೆ ಜೀವ ಬಂದಂತಾಯಿತು.

“ಪ್ರೇಕ್ಷಾ, ನೋಡ ಎಷ್ಟ ಛಲೋ ನೀರು! ಇವರನ್ನ ಇಲ್ಲೇ ಬಿಡೂಣು. ಆರಾಮ ಇರತಾರ.”

ಅವಳು ಬಾಟಲಿಯನ್ನು ಎದೆಗೆ ಅವಚಿಕೊಂಡು ಹಳ್ಳವನ್ನು ನೋಡಿದಳು, ಕಾಡನ್ನು ನೋಡಿದಳು.

“ಇಲ್ಲೆ ಅವರಿಗೆ ಯಾರೂ ಗೊತ್ತಿಲ್ಲಲ್ಲ ಅಜ್ಜೀ,” ಅಂದಳು. ಆಮೇಲೆ ಮೆಲ್ಲಗೆ, “ನಿನಗ ಖಾನಾಪುರ ಅಜ್ಜಿ ಕಡೆ ಹೋಗಾಕ ಅಂಜಕಿ ಆಗತದೇನ?” ಎಂದು ಕೇಳಿದಳು.

ಮೂವತ್ತೊಂದು ವರ್ಷದಲ್ಲಿ ಯಾವ ಇನ್‌ಸ್ಪೆಕ್ಟರೂ ನನಗೆ ಅಂಥ ಪ್ರಶ್ನೆ ಕೇಳಿರಲಿಲ್ಲ. ಹಳ್ಳದ ದಂಡೆಯ ಕಲ್ಲಿನ ಮೇಲೆ ಕೂತು, “ಹೂಂ,” ಅಂದೆ. ಅಂದು ಬೆಳಗಿನಿಂದ ನಾನಾಡಿದ ಮೊದಲ ನಿಜ ಅದೇ ಇರಬೇಕು. “ನಾ ಬರತೀನಿ ತಗೊ ಜೋಡಿ,” ಎಂದು ಅವಳು ನನ್ನ ಕೈ ಹಿಡಿದಳು. ಸನ್ಮತಿ ಎದ್ದು ಚಡ್ಡಿ ಒದ್ದೆ ಮಾಡಿಕೊಂಡಿದ್ದ.

ಬಸ್ಸು ಸಿಕ್ಕಿ, ಖಾನಾಪುರ ಮುಟ್ಟಿ, ಓಣಿಗೆ ತಿರುಗುವ ಹೊತ್ತಿಗೆ ಬಿಸಿಲು ಗೋಡೆಗಳ ಮೇಲಕ್ಕೆ ಏರಿತ್ತು. ಹೊತ್ತು ಮುಳುಗಲು ಒಂದು ತಾಸೂ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಗಳಲ್ಲಿ ಊಟವಿಲ್ಲ. ದಾರಿಯಲ್ಲಿ ನಾನು ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ ಎಲ್ಲ ಇತ್ತು. ಬಾಗಿಲು ತೆರೆದ ವೈನಿ ನನ್ನನ್ನು ನೋಡಿದರು, ಸನ್ಮತಿಯ ಒದ್ದೆ ಚಡ್ಡಿ ನೋಡಿದರು, ಆಕಾಶ ನೋಡಿದರು.

“ಬರ್ರಿ,” ಅಂದರು. “ಹೊತ್ತ ಮುಣಗಾಕ ಬಂದೈತಿ. ಹುಡುಗರು ಹಸದಾವ. ಮೊದಲ ಉಣ್ಣರಿ.”

ಪೀಠಿಕೆಗೇ ಜಾಗವಿರಲಿಲ್ಲ. ಅಷ್ಟರಲ್ಲಿ ಪ್ರೇಕ್ಷಾ ಬಾಟಲಿಯನ್ನು ಎತ್ತಿ ಹಿಡಿದು, “ಮೊದಲ ಇವರು! ಇವರದೂ ಊಟಾ ಆಗಿಲ್ಲ. ಹೊತ್ತ ಮುಳುಗಿದ್ರ ಉಪಾಸ ಬೀಳತಾರ,” ಅಂದಳು. ಆಮೇಲೆ ಕೇಳದೆ ಎಲ್ಲವನ್ನೂ ಒಪ್ಪಿಸಿದಳು. ಸಿಂಕು, ನಲ್ಲಿ, ಗಟಾರ, ಲೋಂಡಾ, ಹಳ್ಳ, ಅಜ್ಜಿಯ ಅಂಜಿಕೆ, ಯಾವುದನ್ನೂ ಬಿಡಲಿಲ್ಲ. ನಾನು ಚಪ್ಪಲಿ ನೋಡುತ್ತ ನಿಂತಿದ್ದೆ. ಅಣ್ಣ ಒಳಗಿನಿಂದ, “ಯಾರ ಬಂದಾರ?” ಎಂದು ಕೇಳಿದ. ವೈನಿ ಪಟ್ಟಿಯನ್ನು ಓದಿ, “ಖಾನಾಪುರದವರು,” ಅಂದು ಹಿತ್ತಲಿಗೆ ನಡೆದರು.

ಬಾವಿ ತುಂಬಿತ್ತು. ಅವ್ವ ಕೂರುತ್ತಿದ್ದ ಕಟ್ಟೆಯ ಅಂಚು ಸವೆದು ನುಣ್ಣಗಾಗಿದ್ದದ್ದು ಹಾಗೇ ಇತ್ತು. ಮಕ್ಕಳನ್ನು ಅಣ್ಣ ನಾಲ್ಕು ಹೆಜ್ಜೆ ಹಿಂದೆ ಹಿಡಿದು ನಿಂತ. ನಾನು ಮುಚ್ಚಳ ತೆಗೆದು, ಕೈ ಚಾಚಿ, ಬಾಟಲಿಯನ್ನು ಬಾವಿಯ ಮೇಲೆ ಬಗ್ಗಿಸಲು ಹೋದೆ. ವೈನಿ ಪಕ್ಕಕ್ಕೆ ಬಂದರು. ನನ್ನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಬಂದು ಕಿವಿಯಲ್ಲಿ ಹೇಳಿದರು:

“ಮ್ಯಾಲಿಂದ ಸುರೀಬಾರ್ದು. ಪೆಟ್ಟ ಬಡೀತೈತಿ ಅವಕ್ಕ. ಬಕೀಟಿನ್ಯಾಗ ಹಾಕಿ, ನೀರ ಮಟಾ ಇಳಿಸಿ ಬಿಡಬೇಕು.”

ಅದೂ ನನಗೆ ಗೊತ್ತಿದ್ದದ್ದೇ, ಅವ್ವ ದಿನಾ ಹಾಗೇ ಮಾಡುತ್ತಿದ್ದಳು, ಮರೆತಿದ್ದೆ. ವೈನಿ ಅದನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ ನಾಲ್ಕು ಹೆಜ್ಜೆ ಹಿಂದೆ ಇದ್ದ ಪ್ರೇಕ್ಷಾಗೆ ಕೇಳಿಸಲಿಲ್ಲ. ಮೊಮ್ಮಗಳ ಮುಂದೆ ನನ್ನ ಮರ್ಯಾದೆ ಉಳಿಯಲೆಂದು ಅಷ್ಟು ಮೆಲ್ಲಗೆ. ಸಣ್ಣ ಜೀವಕ್ಕೆ ಪೆಟ್ಟಾಗಬಾರದೆಂಬ ಅವರ ಎಚ್ಚರಿಕೆ ನನ್ನ ತನಕವೂ ಬಂದಿತ್ತು. ನನಗೆ ತಡೆಯಲಾಗಲಿಲ್ಲ. ಅತ್ತೆ.

“ವೈನಿ, ಅವತ್ತ ನಾನೂ ಹಿಂಗs ಕಿವ್ಯಾಗ ಹೇಳಬಹುದಾಗಿತ್ತು.”

“ಹೇಳಬಹುದಾಗಿತ್ತು,” ಅಂದರು ವೈನಿ. ಇರಲಿ ಬಿಡು ಎಂದೇನೂ ಅನ್ನಲಿಲ್ಲ. ಹಗ್ಗ ಸರಿಮಾಡಿದರು. “ನೀ ಅಂದದ್ದೂ ಖರೇನs ಇತ್ತು. ಒಂದs ಪದರ ಇತ್ತು. ಅವಸರದಾಗ ಮಡಚೂದ ಮರತಿದ್ದೆ. ಅದಕ್ಕs ಇಷ್ಟ ಸಿಟ್ಟ ಬಂತು.”

ನೀ ಅಂದರು. ಎರಡು ವರ್ಷದ ಮೇಲೆ ನೀ ಅಂದರು. ಬಾಟಲಿಯನ್ನು ಬಕೀಟಿಗೆ ಬಗ್ಗಿಸಿ, ಇಬ್ಬರೂ ಹಗ್ಗ ಹಿಡಿದು ಬಕೀಟು ಇಳಿಸಿದೆವು. ಅದು ನೀರಿಗೆ ತಾಗಿದ ಮೇಲೆ ವೈನಿ ಮತ್ತೆ ನನ್ನ ಕಿವಿಗೆ ಬಾಗಿದರು.

“ಇನ್ನೊಂದ ಹೇಳತೀನಿ, ಹುಡುಗಿಗೆ ಹೇಳಬ್ಯಾಡ. ನಿಮ್ಮಣ್ಣನ ಮೊಣಕಾಲಿಗೆ ಬಾವಿ ಸೇದೂದ ಆಗತೈತೇನ? ನಿನ್ನ ಕ್ಯಾನ್ ನಾನs ತುಂಬತೀನಿ. ಇಲ್ಲೇ ಸೋಸಿ ತುಂಬತೀನಿ. ಎರಡ ಪದರ. ಖಾನಾಪುರದವರು ಊರ ಬಿಟ್ಟs ಇಲ್ಲ. ಇವು ಆಮ್ಯಾಲೆ ಕ್ಯಾನಿನ್ಯಾಗ ಹುಟ್ಟಿದ್ದಾವು. ಬೆಳಗಾವಿಯವು.”

ಎರಡು ಚಾತುರ್ಮಾಸ ನಾನು ಕುಡಿದದ್ದು ವೈನಿ ಸೇದಿದ ನೀರು. ಕ್ಯಾನು ತುಂಬುವವರು ಯಾರೆಂದು ಒಂದು ಸಲವೂ ಕೇಳಿರಲಿಲ್ಲ. ಆ ನೀರು ಕುಡಿದೇ ಗಂಟಲು ತಣ್ಣಗೆ ಮಾಡಿಕೊಂಡು ಮಂಡಳಿಯಲ್ಲಿ ಕ್ಷಮೆಯ ಬಗ್ಗೆ ಮಾತಾಡಿದ್ದೆ. ನನಗೆ ಅಳುವಿನ ನಡುವೆಯೇ ನಗು ಬಂತು, ವೈನಿಗೂ ಬಂತು. ಬಕೀಟು ಬಾವಿಯೊಳಗೆ ಗಡಗಡ ಅಲುಗಾಡಿತು.

“ಹೋದ್ರಾ?” ಎಂದು ಪ್ರೇಕ್ಷಾ ಹಿಂದಿನಿಂದ ಕೂಗಿದಳು.

“ಹೋದ್ರವಾ,” ಅಂದರು ವೈನಿ.

“ಮನ್ಯಾಗಿನವರು ಏನಂತಾರ ಅವರಿಗೆ?”

ವೈನಿ ನನ್ನ ಕಡೆ ನೋಡಿದರು. “ಇಷ್ಟ ದಿನಾ ಎಲ್ಲಿ ಹಾಳಾಗಿ ಹೋಗಿದ್ದಿ, ನಡಿ, ಹೊತ್ತ ಮುಣಗತೈತಿ, ಕೈಕಾಲ ತೊಳಕೊಂಡ ಉಣ್ಣ ನಡಿ, ಅಂತಾರ.”

ಓಡಿದೆವು. ಹೇಳದೆ ಬಂದವರಿಗೆ ಬೇರೆ ಅಡುಗೆ ಮಾಡಲು ಸಮಯವಿರಲಿಲ್ಲ. ತಾಟುಗಳು ಬಿದ್ದವು, ರೊಟ್ಟಿ ಬಿತ್ತು, ಅಗಸಿ ಹಿಂಡಿಯ ಚಟ್ನಿಪುಡಿ, ಮೊಸರು ಬಿತ್ತು. ಕೊನೆಗೆ ವೈನಿ ಬೋಗುಣಿಯ ಮುಚ್ಚಳ ತೆಗೆದರು. ಮನೆಯಲ್ಲಿ ಅಂದು ಇದ್ದದ್ದು ಒಂದೇ ಪಲ್ಯ, ಹಾಗಲಕಾಯಿಯದು. ಬೆಲ್ಲ, ಹುಣಸೆಹುಳಿ ಹಾಕಿ ಕಪ್ಪಗೆ ಹುರಿದ ಪಲ್ಯ. ಅವರ ಕೈ ನನ್ನ ತಾಟಿನ ಮೇಲೆ ಬಂದು ನಿಂತಿತು.

“ನೀ ತಿನ್ನೂದಿಲ್ಲಲ್ಲ,” ಎಂದು ಹಳೆಯ ನೆನಪಿನಿಂದ ಕೈ ಹಿಂದೆ ತೆಗೆದರು.

ಕಿಟಕಿಯಲ್ಲಿ ಬಿಸಿಲು ಇನ್ನೂ ಒಂದು ಗೇಣು ಇತ್ತು. ಎರಡು ವರ್ಷದ ನಂತರದ ಅವರ ಕೈಯಡುಗೆ. ಅರವತ್ತು ವರ್ಷದಲ್ಲಿ ಮೊದಲ ಸಲ ಹಾಗಲಕಾಯಿಯ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. “ಹಾಕ್ರಿ ವೈನಿ, ಇವತ್ತ ತಿಂತೀನಿ,” ಎಂದು ತಾಟು ಮುಂದೆ ಮಾಡಿದೆ.

“ಅಜ್ಜೀ,” ಅಂದಳು ಪ್ರೇಕ್ಷಾ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. “ನಿನ್ನ ವ್ರತಾ.”

ಕೂಗಲಿಲ್ಲ ಅವಳು. ಎದ್ದು ಬಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ತಾಟು ಹಿಂದೆ ಎಳೆದುಕೊಂಡೆ. ವೈನಿ ಆ ಪಲ್ಯವನ್ನು ತಮ್ಮ ತಾಟಿಗೆ ಹಾಕಿಕೊಂಡರು, ಮೊದಲಿನ ಹಾಗೆಯೇ. ಅವರು ತಿನ್ನುವುದನ್ನು ನೋಡುತ್ತ ನಾನು ಚಟ್ನಿಪುಡಿಯ ಜೊತೆ ರೊಟ್ಟಿ ಮುರಿದೆ. ಹಾಗಲಕಾಯಿಯನ್ನು ನಾನು ಖರೇನೇ ಬಿಟ್ಟದ್ದು ಅಂದೇ.